ಪೌಲಿ ಪಂಡಿತರೂ ಕಾಣದ ಕಣವೂ

ಚುನಾವಣೆ, ಆಯವ್ಯಯ, ಮಳೆ-ಬೆಳೆಗಳ ವಿಚಾರವನ್ನೇ ದಿನದಿನವೂ ಚರ್ಚಿಸುತ್ತಿರುವ ಈ ಅಂಕಣದಲ್ಲಿ ಇಂದು ನಾವು ಯೂರೋಪ್ ಖಂಡದ ವಿಜ್ಞಾನಿಯೊಬ್ಬರ ಜೀವನವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ. ಇದಕ್ಕೆ ಕಾರಣವುಂಟು. ಬ್ರಹ್ಮಾಂಡದಲ್ಲಿ ಇರುವುದರ ಪೈಕಿ ನಮಗೆ ಗುರುತುಳ್ಳ ದ್ರವ್ಯವು ಸುಮಾರು ಶೇಕಡ 5 ಮಾತ್ರವೆಂದೂ, ಶೇಕಡ 27ರಷ್ಟು ಯಾರ ಕೈಗೂ ಸಿಕ್ಕದ ಯಾವುದೋ ಅದೃಶ್ಯ ದ್ರವ್ಯವೆಂದೂ, ಮಿಕ್ಕ 68 ಪಾಲು ಅದಕ್ಕಿಂತಲೂ ನಿಗೂಢವಾದ ಒಂದು ಶಕ್ತಿಯೆಂದೂ ಈಗಿನ ವಿದ್ವಾಂಸರು ಹೇಳುತ್ತಿದ್ದಾರೆ. ಕಣ್ಣಿಗೂ ಕಾಣದ, ಯಂತ್ರಕ್ಕೂ ಸಿಕ್ಕದ ವಸ್ತುವನ್ನು ಉಂಟೆಂದು ಸಾರುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು, ಹೀಗಾದರೆ ವಿಜ್ಞಾನಿಗೂ ಮಂತ್ರವಾದಿಗೂ ಭೇದವೇನು, ಎಂದು ವಾಚಕರು ಕೇಳಿದರೆ ಆ ಪ್ರಶ್ನೆಯು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಈ ಪ್ರಶ್ನೆಯನ್ನು ಅತ್ಯಂತ ಕಠಿಣವಾಗಿ ಕೇಳುತ್ತಿದ್ದವರೂ, ಕೊನೆಗೆ ತಾವೇ ಅದಕ್ಕೆ ಗುರಿಯಾದವರೂ ಒಬ್ಬರಿದ್ದರು. ಅವರೇ ವುಲ್ಫ್‌ಗಾಂಗ್ ಪೌಲಿ ಪಂಡಿತರು.

ಪೌಲಿಯವರು 1900ನೆಯ ಇಸವಿ ಏಪ್ರಿಲ್ 25ನೆಯ ತಾರೀಖು ವಿಯೆನ್ನಾ ನಗರದಲ್ಲಿ ಜನಿಸಿದರು. ತಂದೆಯವರು ಪ್ರಾಗ್ ಪಟ್ಟಣದ ಯೆಹೂದ್ಯ ಮನೆತನದಿಂದ ಬಂದು ಕ್ರೈಸ್ತ ಮತವನ್ನು ಸ್ವೀಕರಿಸಿದ ರಸಾಯನಶಾಸ್ತ್ರಜ್ಞರು, ತಾಯಿಯವರು ಲೇಖಕಿ. ಮಗುವಿಗೆ ಧರ್ಮಪಿತರಾಗಿ ನಿಂತವರು ಅರ್ನ್ಸ್ಟ್ ಮಾಖ್ ಎಂಬ ಪ್ರಖ್ಯಾತ ತತ್ತ್ವಜ್ಞರು. ಅನುಭವಕ್ಕೆ ಬಾರದ ಯಾವುದನ್ನೂ ವಿಜ್ಞಾನದೊಳಕ್ಕೆ ಬಿಟ್ಟುಕೊಳ್ಳಕೂಡದೆಂದು ವಾದಿಸಿ, ಪರಮಾಣುವಿನ ಅಸ್ತಿತ್ವವನ್ನೇ ಬಹುಕಾಲ ಒಪ್ಪದಿದ್ದ ಮಹಾಶಯರು ಇವರು. ಅಂತಹವರ ಧರ್ಮಪುತ್ರನೇ ಮುಂದೆ ಪರಮಾಣುವಿಗಿಂತಲೂ ಅದೃಶ್ಯವಾದ ವಸ್ತುವೊಂದನ್ನು ಲೋಕದ ಮುಂದಿಡಬೇಕಾಗಿ ಬಂದುದು ವಿಧಿಯ ವಿನೋದವಲ್ಲದೆ ಮತ್ತೇನು?

ಬಾಲ್ಯದ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. ಪ್ರೌಢಶಾಲೆಯ ಪಾಠಗಳು ಬೇಸರವಾದಾಗ ಮೇಜಿನ ಮರೆಯಲ್ಲಿ ಐನ್‌ಸ್ಟೈನರ ಲೇಖನಗಳನ್ನು ಓದುತ್ತಿದ್ದ ಹುಡುಗ, 1918ರಲ್ಲಿ ಮ್ಯೂನಿಕ್ಕಿಗೆ ಹೋಗಿ ಜೋಮರ್‌ಫೆಲ್ಡ್ ಗುರುಗಳ ಶಿಷ್ಯನಾದ. ಮೂರು ವರ್ಷಗಳಲ್ಲಿ ಡಾಕ್ಟರ್ ಪದವಿ ಬಂದಿತು. ಅದೇ 1921ರಲ್ಲಿ ಸಾಪೇಕ್ಷತಾವಾದವನ್ನು ಕುರಿತು ಇನ್ನೂರು ಪುಟಗಳಿಗೂ ಮೀರಿದ ಒಂದು ಪ್ರಬಂಧವು ಈ ತರುಣನ ಲೇಖನಿಯಿಂದ ಹೊರಬಿದ್ದು, ಆ ವಾದದ ಕರ್ತರಾದ ಐನ್‌ಸ್ಟೈನರೇ ಬೆರಗಾಗಿ ಹೊಗಳಿದರು. ಇಪ್ಪತ್ತೊಂದು ವರ್ಷದ ಹುಡುಗ ಬರೆದ ಭಾಷ್ಯವನ್ನು ಮೂಲಕಾರರು ಮೆಚ್ಚಿಕೊಂಡ ನಿದರ್ಶನಗಳು ಶಾಸ್ತ್ರಚರಿತ್ರೆಯಲ್ಲಿ ವಿರಳ.

ತರುವಾಯ ಗಟಿಂಗೆನ್, ಕೋಪನ್‌ಹೇಗನ್, ಹ್ಯಾಂಬರ್ಗ್, 1928ರಿಂದ ಜೂರಿಕ್, ಹೀಗೆ ಪಟ್ಟಣಗಳು ಬದಲಾದುವು. ಬದಲಾಗದೆ ಉಳಿದುದು ಪೌಲಿಯವರ ನಾಲಗೆ. ಎದುರಿಗಿದ್ದವರು ಹಿರಿಯರೋ ಕಿರಿಯರೋ ಎಂಬ ಗಣನೆ ಅವರಿಗಿರಲಿಲ್ಲ. ಆಧಾರವಿಲ್ಲದ ಊಹೆಯನ್ನು ಕಂಡರೆ ಅದನ್ನು ಸೀಳಿಹಾಕಿದಲ್ಲದೆ ಬಿಡುತ್ತಿರಲಿಲ್ಲ. ಹೊಸ ಸಿದ್ಧಾಂತವನ್ನು ಕಟ್ಟಿದವರು ಮೊದಲು ಪೌಲಿಯವರಿಗೆ ಕಾಗದ ಬರೆದು, ಅವರ ಬೈಗುಳನ್ನು ತಿಂದು, ಆಮೇಲೆ ಅಚ್ಚಿಗೆ ಕಳುಹಿಸುವುದು ಆ ಕಾಲದ ಪದ್ಧತಿಯೇ ಆಗಿಹೋಯಿತು. ಪ್ರಯೋಗಶಾಲೆಯೊಳಕ್ಕೆ ಅವರು ಕಾಲಿಟ್ಟರೆ ಸಾಕು, ಉಪಕರಣಗಳು ಕೆಡುತ್ತವೆಂಬ ಹಾಸ್ಯವೂ ಪ್ರಚಾರದಲ್ಲಿದ್ದಿತು. ಹ್ಯಾಂಬರ್ಗಿನ ಸ್ಟರ್ನ್ ಪಂಡಿತರು ಇದಕ್ಕಾಗಿ ಪೌಲಿಯವರನ್ನು ತಮ್ಮ ಪ್ರಯೋಗಶಾಲೆಯ ಬಾಗಿಲಿನಿಂದಾಚೆಗೇ ನಿಲ್ಲಿಸುತ್ತಿದ್ದರಂತೆ. ಯಂತ್ರಶಾಲೆಯನ್ನು ಇಟ್ಟುಕೊಂಡಿರುವ ನಮಗೆ ಸ್ಟರ್ನರ ಮೇಲೆ ಸಹಾನುಭೂತಿ ಹುಟ್ಟುವುದು ಸಹಜ.

1925ರಲ್ಲಿ ಅವರು ಬಹಿಷ್ಕಾರ ತತ್ತ್ವವನ್ನು ಪ್ರಕಟಿಸಿದರು. ಒಂದು ಪರಮಾಣುವಿನೊಳಗೆ ಎರಡು ಎಲೆಕ್ಟ್ರಾನುಗಳು ಎಲ್ಲ ವಿಧದಲ್ಲಿಯೂ ಒಂದೇ ಸ್ಥಿತಿಯಲ್ಲಿರಲಾರವು ಎಂಬುದು ಇದರ ಸಾರ. ಮಾತು ಚಿಕ್ಕದು, ಆದರೆ ಚಿನ್ನವು ಚಿನ್ನವಾಗಿ, ಕಬ್ಬಿಣವು ಕಬ್ಬಿಣವಾಗಿ ಇರುವುದೂ, ನಾವು ಕುಳಿತ ಮಣೆಯು ಕುಸಿದು ಚುಕ್ಕೆಯಾಗದಿರುವುದೂ ಈ ನಿಯಮದ ದೆಸೆಯಿಂದ. ಮುಂದೆ 1945ರ ನೊಬೆಲ್ ಪಾರಿತೋಷಕವು ಇದಕ್ಕಾಗಿಯೇ ಅವರಿಗೆ ದೊರೆಯಿತು.

ಆದರೆ ಅದೇ ವರ್ಷದ ಇನ್ನೊಂದು ಸಂಗತಿಯನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಕ್ರೋನಿಗ್ ಎಂಬ ಇಪ್ಪತ್ತು ವರ್ಷದ ತರುಣ, ಎಲೆಕ್ಟ್ರಾನು ಬುಗುರಿಯಂತೆ ತನ್ನ ಸುತ್ತ ತಾನು ತಿರುಗುತ್ತಿರಬಹುದೆಂಬ ಊಹೆಯನ್ನು ಪೌಲಿಯವರ ಮುಂದಿಟ್ಟ. ಇದು ಜಾಣ ಮಾತು, ಆದರೆ ಪ್ರಕೃತಿಗೂ ಇದಕ್ಕೂ ಸಂಬಂಧವಿಲ್ಲವೆಂಬ ಅರ್ಥ ಬರುವಂತೆ ಪೌಲಿಯವರು ಅದನ್ನು ತಳ್ಳಿಹಾಕಿದರು. ಹುಡುಗ ಎದೆಗುಂದಿ ಅಚ್ಚಿಗೆ ಕೊಡಲಿಲ್ಲ. ಕೆಲವೇ ತಿಂಗಳ ಮೇಲೆ ಹಾಲೆಂಡಿನ ಊಲೆನ್‌ಬೆಕ್, ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು ಅದೇ ಮಾತನ್ನು ಹೇಳಿ ಕೀರ್ತಿ ಪಡೆದರು. ಅವರಿಗೂ ಕೊನೆಯ ಗಳಿಗೆಯಲ್ಲಿ ಭಯವಾಗಿ ಲೇಖನವನ್ನು ಹಿಂದಕ್ಕೆ ಪಡೆಯಹೊರಟಾಗ, ಗುರುಗಳಾದ ಏರೆನ್‌ಫೆಸ್ಟರು ಅದನ್ನು ಆಗಲೇ ಅಚ್ಚಿಗೆ ಕಳುಹಿಸಿಬಿಟ್ಟಿದ್ದರು. ಒಬ್ಬ ಗುರುವಿನ ಕಾಠಿಣ್ಯದಿಂದ ಒಬ್ಬನಿಗೆ ನಷ್ಟ, ಇನ್ನೊಬ್ಬ ಗುರುವಿನ ಔದಾರ್ಯದಿಂದ ಇಬ್ಬರಿಗೆ ಲಾಭ. ಪೌಲಿಯವರ ಭಕ್ತರು ಏನೇ ಸಮಾಧಾನ ಹೇಳಲಿ, ಕ್ರೋನಿಗನಿಗೆ ಆದುದು ಅನ್ಯಾಯವೆಂದೇ ನಾವು ಹೇಳುವೆವು.

ಇಂತಹ ಕಠೋರ ಪರೀಕ್ಷಕರು ಐದು ವರ್ಷಗಳ ತರುವಾಯ ತಾವೇ ಪರೀಕ್ಷೆಗೆ ನಿಲ್ಲಬೇಕಾಯಿತು. ಕೆಲವು ಪರಮಾಣುಗಳ ಗರ್ಭದಿಂದ ಎಲೆಕ್ಟ್ರಾನು ಹೊರಕ್ಕೆ ಚಿಮ್ಮುವುದುಂಟು. ಇದಕ್ಕೆ ಬೀಟಾ ಕ್ಷಯವೆಂದು ಹೆಸರು. ಕ್ಷಯಕ್ಕೆ ಮೊದಲು ಪರಮಾಣುವಿನಲ್ಲಿದ್ದ ಶಕ್ತಿ ಇಷ್ಟು, ಆಮೇಲೆ ಉಳಿದುದು ಇಷ್ಟು. ಆದುದರಿಂದ ಹೊರಬಿದ್ದ ಎಲೆಕ್ಟ್ರಾನು ಪ್ರತಿಯೊಂದು ಸಲವೂ ಒಂದೇ ಪ್ರಮಾಣದ ಶಕ್ತಿಯನ್ನು ಹೊತ್ತು ಬರಬೇಕಷ್ಟೆ. ಆದರೆ ಬರುತ್ತಿದ್ದುದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. 1914ರಲ್ಲಿಯೇ ಚ್ಯಾಡ್ವಿಕ್ಕರು ಇದನ್ನು ಕಂಡಿದ್ದರು. ಎಲೆಕ್ಟ್ರಾನು ದಾರಿಯಲ್ಲಿ ಶಕ್ತಿಯನ್ನು ಚೆಲ್ಲಿರಬಹುದೆಂದು ಕೆಲವರು ಸಮಾಧಾನಪಟ್ಟುಕೊಂಡರು. 1927ರಲ್ಲಿ ಕೇಂಬ್ರಿಜ್ಜಿನ ಎಲ್ಲಿಸ್, ವೂಸ್ಟರ್ ಎಂಬುವರು ಇಡೀ ಪದಾರ್ಥವನ್ನು ಸೀಸದ ಪಾತ್ರೆಯೊಳಗಿಟ್ಟು, ಹೊರಬಿದ್ದ ಶಾಖವನ್ನೆಲ್ಲ ಅಳೆದುನೋಡಿದರು, ಚೆಲ್ಲಿದ್ದು ಸಿಕ್ಕಲಿಲ್ಲ. ಬರ್ಲಿನ್ನಿನ ಲೀಸ ಮೈಟ್ನರ್ ವಿದುಷಿಯವರು ಮತ್ತೆ ಅಳೆದು ಅದನ್ನೇ ಸ್ಥಿರಪಡಿಸಿದರು. ಜಮಾ ಇಷ್ಟು, ಖರ್ಚು ಇಷ್ಟು, ಪೆಟ್ಟಿಗೆಯಲ್ಲಿ ಇರಬೇಕಾದ ಹಣ ಮಾತ್ರ ಇಲ್ಲ.

ಇಂತಹ ಸಂಕಟದಲ್ಲಿ ಗುಮಾಸ್ತನು ಎರಡರಲ್ಲಿ ಒಂದನ್ನು ಹೇಳಬಹುದು: ಕೂಡುವ ಕಳೆಯುವ ನಿಯಮವೇ ಸರಿಯಿಲ್ಲವೆನ್ನಬಹುದು, ಇಲ್ಲವೆ ಕಾಣದ ಕೈಯೊಂದು ಹಣವನ್ನು ಒಯ್ದಿದೆಯೆನ್ನಬಹುದು. ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಆಚಾರ್ಯರು ಮೊದಲನೆಯದನ್ನು ಹೇಳಲು ಸಿದ್ಧರಾದರು. ಶಕ್ತಿಯು ನಾಶವಾಗದೆಂಬ ನಿಯಮವು ಒಂದೊಂದು ಕ್ಷಯದಲ್ಲಿಯೂ ನಡೆಯಬೇಕಾಗಿಲ್ಲ, ಒಟ್ಟು ಸರಾಸರಿಯಲ್ಲಿ ನಡೆದರೆ ಸಾಕು ಎಂಬುದು ಅವರ ಅಭಿಮತ. ಬೋರರೆಂದರೆ ಆ ಶಾಸ್ತ್ರದ ಕುಲಗುರುಗಳು. ಪೌಲಿಯವರು ಗುರುವಿಗೆ ತಲೆಬಾಗಲಿಲ್ಲ. 1930ನೆಯ ಇಸವಿ ಡಿಸೆಂಬರ್ 4ರಂದು ಟ್ಯೂಬಿಂಗೆನ್ ಪಟ್ಟಣದಲ್ಲಿ ನೆರೆಯಲಿದ್ದ ವಿದ್ವತ್ಸಭೆಗೆ ಒಂದು ಕಾಗದ ಬರೆದು, ಎಲೆಕ್ಟ್ರಾನಿನ ಜೊತೆಗೆ ವಿದ್ಯುದಂಶವಿಲ್ಲದ, ಅತಿ ಹಗುರವಾದ, ಯಾರೂ ಕಾಣದ ಇನ್ನೊಂದು ಕಣವು ಹೊರಟುಹೋಗುತ್ತಿರಬಹುದೆಂದೂ, ಕಾಣೆಯಾದ ಶಕ್ತಿಯು ಅದರ ಪಾಲೆಂದೂ ಸೂಚಿಸಿದರು. ತಾವೇ ಬಂದು ಹೇಳಲಾಗದುದಕ್ಕೆ ಜೂರಿಕ್ಕಿನ ನೃತ್ಯಕೂಟವೊಂದನ್ನು ಕಾರಣವಾಗಿ ಕೊಟ್ಟಿದ್ದರು!

ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಮ್ಮಂತಹವರಿಗೆ ಇಲ್ಲಿ ಸ್ಥೂಲದೇಹದ ದೇವದತ್ತನ ನೆನಪು ಬಾರದಿರದು. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ಕೊಬ್ಬಿದ್ದಾನೆ. ಆದುದರಿಂದ ರಾತ್ರಿ ಉಣ್ಣುತ್ತಿರಲೇಬೇಕು. ಮೀಮಾಂಸಕರು ಇದನ್ನು ಅರ್ಥಾಪತ್ತಿಯೆಂದು ಕರೆದು ಪ್ರಮಾಣಗಳಲ್ಲಿ ಎಣಿಸಿದರು. ಪೌಲಿಯವರು ಮಾಡಿದುದು ಇದನ್ನೇ. ಆದರೆ ಕ್ರೋನಿಗನಿಗೆ ಹಿಡಿದ ತಕ್ಕಡಿಯನ್ನೇ ಅವರು ತಮಗೂ ಹಿಡಿದರೆಂಬುದು ಗಮನಾರ್ಹ. ಆ ಊಹೆಯನ್ನು ಕೂಡಲೆ ಲೇಖನವಾಗಿ ಅಚ್ಚುಮಾಡಿಸಲಿಲ್ಲ. ಇದು ಸಾಹಸದ ಮಾತೆಂದೂ, ಪ್ರಯೋಗ ಬಲ್ಲವರು ಪರೀಕ್ಷಿಸಿ ಹೇಳಬೇಕೆಂದೂ ಕೇಳಿಕೊಂಡರು. ಯಾರೂ ಎಂದಿಗೂ ಹಿಡಿಯಲಾಗದ ಕಣವೊಂದನ್ನು ಕಲ್ಪಿಸಿ, ಸಿದ್ಧಾಂತಿಯಾದವನು ಮಾಡಬಾರದುದನ್ನು ತಾವು ಮಾಡಿದ್ದೇವೆಂದು ಸ್ನೇಹಿತರಲ್ಲಿ ಪೇಚಾಡಿಕೊಂಡರು.

ಆ ಕಾಲದಲ್ಲಿ ಅವರ ಮನೆಯ ಲೆಕ್ಕವೂ ನೆಟ್ಟಗಿರಲಿಲ್ಲ. 1927ರಲ್ಲಿ ತಾಯಿಯವರು ಆತ್ಮಹತ್ಯೆ ಮಾಡಿಕೊಂಡಿದ್ದರು. 1929ರಲ್ಲಿ ಆದ ವಿವಾಹವು ವರ್ಷ ತುಂಬುವುದರೊಳಗಾಗಿ, ಆ ಕಾಗದಕ್ಕೆ ಕೆಲವೇ ದಿನಗಳ ಮೊದಲು, ರದ್ದಾಗಿದ್ದಿತು. ಪಾನವು ಹೆಚ್ಚಿ ಮನಸ್ಸು ಕದಡಿದಾಗ ಅವರು ಜೂರಿಕ್ಕಿನಲ್ಲಿಯೇ ಇದ್ದ ಯೂಂಗ್ ಎಂಬ ಮನಶ್ಶಾಸ್ತ್ರಜ್ಞರ ಮೊರೆಹೊಕ್ಕು, ತಮ್ಮ ನೂರಾರು ಸ್ವಪ್ನಗಳನ್ನು ಬರೆದುಕೊಟ್ಟರು. 1934ರಲ್ಲಿ ಫ್ರಾಂಕಾ ಎಂಬ ಸಾಧ್ವಿಯ ಕೈಹಿಡಿದ ಮೇಲೆ ಬಾಳು ಒಂದು ಹದಕ್ಕೆ ಬಂದಿತು.

ಈ ನಡುವೆ ಇಟಲಿಯ ಎನ್ರಿಕೊ ಫರ್ಮಿಯವರು ಪೌಲಿಯವರ ಊಹೆಗೆ ಗಣಿತದ ಮೈ ಕೊಟ್ಟರು. ಆ ಕಣವು ಪರಮಾಣುವಿನ ಗರ್ಭದೊಳಗೆ ಮೊದಲೇ ಅಡಗಿರುತ್ತದೆಂದು ಪೌಲಿಯವರು ತಿಳಿದಿದ್ದರು; ಹಾಗಲ್ಲ, ಕ್ಷಯದ ಕ್ಷಣದಲ್ಲಿ ಹೊಸದಾಗಿ ಹುಟ್ಟುತ್ತದೆಂದು ಫರ್ಮಿಯವರು ತಿದ್ದಿದರು. ನ್ಯೂಟ್ರಿನೋ ಎಂಬ ಹೆಸರು ಬಂದುದೂ ಇಟಲಿಯಿಂದಲೇ. ಆದರೆ ಹಿಡಿಯುವುದೆಂತು? 1934ರಲ್ಲಿ ಬೇಟೆ, ಪೈಯರ್ಲ್ಸ್ ಎಂಬುವರು ಲೆಕ್ಕಹಾಕಿ, ಈ ಕಣವು ಸಾವಿರ ಜ್ಯೋತಿರ್ವರ್ಷಗಳಷ್ಟು ದಪ್ಪನಾದ ಘನಪದಾರ್ಥವನ್ನಾದರೂ ತಡೆಯಿಲ್ಲದೆ ಹಾಯ್ದುಹೋಗಬಲ್ಲುದೆಂದು ತೋರಿಸಿದಾಗ ಎಲ್ಲರೂ ಆಸೆ ಬಿಟ್ಟರು.

ಯೆಹೂದ್ಯ ಮೂಲದ ಪೌಲಿಯವರಿಗೆ ಹಿಟ್ಲರನ ಕಾಲದಲ್ಲಿ ಜೂರಿಕ್ ಸುರಕ್ಷಿತವೆನಿಸಲಿಲ್ಲ. 1940ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿ, ಯುದ್ಧ ಮುಗಿದ ಮೇಲೆ 1946ರಲ್ಲಿ ಜೂರಿಕ್ಕಿಗೇ ಹಿಂತಿರುಗಿದರು. ಯುದ್ಧವು ಪರಮಾಣು ಕುಲುಮೆಗಳನ್ನು ಹುಟ್ಟಿಸಿದ್ದಿತು; ಒಂದೊಂದು ಕುಲುಮೆಯಿಂದಲೂ ಈ ಕಣಗಳು ಎಣಿಸಲಾರದಷ್ಟು ಹೊರಹೊಮ್ಮುತ್ತವೆ. ಕೋಟಿ ಕೋಟಿಗಳಲ್ಲಿ ಒಂದಾದರೂ ಎಡವದೆ ಇದ್ದೀತೆ ಎಂದು ರೈನ್ಸ್, ಕವನ್ ಎಂಬ ಇಬ್ಬರು ಅಮೆರಿಕನ್ನರು ಸವಾನಾ ನದಿಯ ಬಳಿಯ ಕುಲುಮೆಯ ಮಗ್ಗುಲಲ್ಲಿ ಕಾದು ಕುಳಿತರು. 1956ನೆಯ ಇಸವಿ ಜೂನ್ 14ರಂದು ಅವರ ತಂತಿ ಹೊರಟಿತು: ಕಣ ಸಿಕ್ಕಿತೆಂದು. ಜಿನೀವಾದ ಸಭೆಯೊಂದರಲ್ಲಿದ್ದ ಪೌಲಿಯವರು ನಡೆಯುತ್ತಿದ್ದ ಕಲಾಪವನ್ನು ತಡೆದು ತಂತಿಯನ್ನು ತಾವೇ ಓದಿಹೇಳಿದರು. ಕಾಗದ ಬರೆದು ಇಪ್ಪತ್ತೈದು ವರ್ಷಗಳು ಸಂದಿದ್ದುವು. ಈ ಕೆಲಸಕ್ಕಾಗಿ ರೈನ್ಸರಿಗೆ ನೊಬೆಲ್ ಪಾರಿತೋಷಕ ಬಂದುದು 1995ರಲ್ಲಿ. ಅಷ್ಟು ಹೊತ್ತಿಗೆ ಕವನ್ನರು ತೀರಿಹೋಗಿ ಎರಡು ದಶಕಗಳಾಗಿದ್ದುವು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸಾಗುತ್ತಿತ್ತು, ಪ್ರಕೃತಿಯು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಕಾಣುವ ಲೋಕಕ್ಕೂ ನಮ್ಮ ಲೋಕಕ್ಕೂ ನಿಯಮಗಳು ಒಂದೇ, ಎಡಬಲಗಳ ಪಕ್ಷಪಾತ ಪ್ರಕೃತಿಗಿಲ್ಲವೆಂದು ಎಲ್ಲರೂ ನಂಬಿದ್ದರು. ಲೀ, ಯಾಂಗ್ ಎಂಬ ಚೀನೀ ತರುಣರು ಇದನ್ನು ಸಂದೇಹಿಸಿದಾಗ, ಪೌಲಿಯವರು 1957ರ ಜನವರಿಯಲ್ಲಿ ಸ್ನೇಹಿತರೊಬ್ಬರಿಗೆ ಬರೆದು, ಪ್ರಕೃತಿಗೆ ಪಕ್ಷಪಾತವಿಲ್ಲವೆಂದು ಪಣಕಟ್ಟಲು ತಾವು ಸಿದ್ಧವೆಂದರು. ಕಾಗದದ ಮಸಿ ಆರುವಷ್ಟರಲ್ಲಿ, ವೂ ಎಂಬ ಚೀನೀ ವಿದುಷಿಯ ಪ್ರಯೋಗದಿಂದ ಪಕ್ಷಪಾತ ಉಂಟೆಂದು ಸಿದ್ಧವಾಯಿತು. ಅದರಲ್ಲಿಯೂ ಪೌಲಿಯವರ ಮಾನಸಪುತ್ರನಾದ ನ್ಯೂಟ್ರಿನೋ ಎಡಕ್ಕೇ ಸುತ್ತುತ್ತದೆ, ಬಲಕ್ಕೆ ಸುತ್ತುವುದನ್ನು ಕಂಡವರಿಲ್ಲ. ಹಣ ಕಟ್ಟದಿದ್ದುದು ಒಳ್ಳೆಯದಾಯಿತೆಂದು ಅವರೇ ನಕ್ಕರು. ಮರುವರ್ಷ ಹೈಸೆನ್‌ಬರ್ಗರು ಸರ್ವವನ್ನೂ ಒಂದೇ ಸಮೀಕರಣದಲ್ಲಿ ಅಡಗಿಸುವೆನೆಂದು ಹೊರಟಾಗ ಪೌಲಿಯವರೂ ಕೆಲಕಾಲ ಮರುಳಾಗಿ ಜೊತೆಗೂಡಿದರು. ಲೋಪವು ಕಂಡೊಡನೆ ಹಿಂದೆಗೆದರು. ವೃತ್ತಪತ್ರಿಕೆಗಳು ಆ ಸಮೀಕರಣವನ್ನು ಕೊಂಡಾಡಿದಾಗ, ಪೌಲಿಯವರು ಕಾಗದದ ಮೇಲೆ ಒಂದು ಖಾಲಿ ಚೌಕಟ್ಟನ್ನು ಬರೆದು, ತಾವು ಮಹಾಚಿತ್ರಕಾರ ಟಿಶಿಯನ್ನನಿಗೆ ಸಮಾನವೆಂಬುದಕ್ಕೆ ಇದೇ ಸಾಕ್ಷಿ, ಸಣ್ಣಪುಟ್ಟ ವಿವರಗಳು ಮಾತ್ರ ಉಳಿದಿವೆಯೆಂಬ ಅರ್ಥದ ಒಕ್ಕಣೆಯೊಡನೆ ಸ್ನೇಹಿತರಿಗೆ ಕಳುಹಿಸಿದರು. ಕೊಂಡಾಡಿದ್ದರಲ್ಲಿ ನಮ್ಮ ವೃತ್ತಿಯವರ ಪಾಲೂ ಇದ್ದುದರಿಂದ ಈ ಚಾಟಿಯೇಟು ನಮಗೂ ಸಲ್ಲತಕ್ಕುದೇ.

1958ರ ಡಿಸೆಂಬರಿನಲ್ಲಿ ಹೊಟ್ಟೆನೋವಿನಿಂದ ಅವರನ್ನು ಜೂರಿಕ್ಕಿನ ಆಸ್ಪತ್ರೆಗೆ ಸೇರಿಸಿದರು. ಕೊಟ್ಟ ಕೊಠಡಿಯ ಸಂಖ್ಯೆ 137. ಬೆಳಕಿಗೂ ವಿದ್ಯುತ್ತಿಗೂ ಇರುವ ಸಂಬಂಧದ ಬಲವನ್ನು ಸೂಚಿಸುವ ಸಂಖ್ಯೆಯು ಸುಮಾರು 137ರಲ್ಲಿ ಒಂದು ಪಾಲು. ಅದನ್ನು ಶಾಸ್ತ್ರದೊಳಕ್ಕೆ ತಂದವರು ಅವರ ಗುರುಗಳಾದ ಜೋಮರ್‌ಫೆಲ್ಡರೇ. ಆ ಸಂಖ್ಯೆ ಏಕೆ ಅಷ್ಟೇ, ಏಕೆ ನೂರಲ್ಲ, ಏಕೆ ಇನ್ನೂರಲ್ಲ ಎಂದು ಪೌಲಿಯವರು ಜೀವಮಾನವೆಲ್ಲ ಕೇಳಿದ್ದರು. ಕೊಠಡಿಯ ಬಾಗಿಲನ್ನು ಕಂಡು ಅವರ ಎದೆ ನಡುಗಿತಂತೆ. ಡಿಸೆಂಬರ್ 15ರಂದು ಅಲ್ಲಿಯೇ ತೀರಿಕೊಂಡರು. ಈ ಸಂಖ್ಯೆಯನ್ನು ಇಂದು ಹತ್ತು ಅಂಕಿಗಳವರೆಗೆ ಅಳೆದಿದ್ದಾರೆ. ಏಕೆಂಬುದನ್ನು ಹೇಳಬಲ್ಲ ಸಿದ್ಧಾಂತ ಹುಟ್ಟಿಲ್ಲ.

ಅವರು ಬಿಟ್ಟುಹೋದ ಪ್ರಶ್ನೆಗಳಲ್ಲಿ ಅದೊಂದೇ ಅಲ್ಲ. ಬರಿಯ ಶೂನ್ಯದಲ್ಲಿಯೂ ಶಕ್ತಿಯುಂಟೆಂದು ಕ್ವಾಂಟಂ ಸಿದ್ಧಾಂತವು ಹೇಳುವುದಷ್ಟೆ. ಆ ಶಕ್ತಿಗೆ ತೂಕವಿದ್ದರೆ ವಿಶ್ವವು ಎಷ್ಟು ದೊಡ್ಡದಿರಬಹುದೆಂದು ಪೌಲಿಯವರು ಹ್ಯಾಂಬರ್ಗಿನ ದಿನಗಳಲ್ಲಿ ಲೆಕ್ಕಹಾಕಿ, ಅದು ಚಂದ್ರನವರೆಗೂ ಚಾಚಲಾರದೆಂದು ಕಂಡರೆಂದು ಅವರ ಶಿಷ್ಯರು ಬರೆದಿಟ್ಟಿದ್ದಾರೆ. 1998ರಲ್ಲಿ ವಿಶ್ವದ ವಿಸ್ತಾರವು ದಿನೇ ದಿನೇ ವೇಗಗೊಳ್ಳುತ್ತಿದೆಯೆಂದು ಖಗೋಳಜ್ಞರು ಕಂಡುಹಿಡಿದ ಮೇಲೆ ಈ ವಿನೋದದ ಲೆಕ್ಕವೇ ಶಾಸ್ತ್ರದ ದೊಡ್ಡ ತಲೆನೋವಾಗಿದೆ. ಶೂನ್ಯದ ಶಕ್ತಿಯನ್ನು ಎಣಿಸಿದರೆ ಬರುವ ಮೊತ್ತವು ಆಕಾಶದಲ್ಲಿ ಕಂಡುದಕ್ಕಿಂತ, ಒಂದರ ಮುಂದೆ ಸುಮಾರು 120 ಸೊನ್ನೆಗಳನ್ನು ಬರೆದಷ್ಟು ಪಾಲು ಹೆಚ್ಚು. ಇಷ್ಟು ತಪ್ಪಿದ ಲೆಕ್ಕವನ್ನು ಯಾವ ಸಾಹುಕಾರನೂ ಕಂಡಿರಲಾರನು.

ನ್ಯೂಟ್ರಿನೋವಾದರೂ ಶಾಂತವಾಗಿದೆಯೇ? ಸೂರ್ಯನಿಂದ ಬಂದ ಈ ಕಣಗಳು ನಮ್ಮ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕಿ ಹಾಯ್ದುಹೋಗುತ್ತಿವೆ. ಇವು ಮೂರು ಬಗೆ. ಪ್ರಚಲಿತ ಸಿದ್ಧಾಂತದ ಪ್ರಕಾರ ಇವಕ್ಕೆ ತೂಕವೇ ಇರಬಾರದು. 1998ರಲ್ಲಿ ಜಪಾನಿನ ಗಣಿಯೊಳಗಿನ ನೀರಿನ ತೊಟ್ಟಿಯಲ್ಲಿಯೂ, ತರುವಾಯ ಕೆನಡಾದ ಗಣಿಯಲ್ಲಿಯೂ, ಒಂದು ಬಗೆಯ ನ್ಯೂಟ್ರಿನೋ ದಾರಿಯಲ್ಲಿ ಇನ್ನೊಂದು ಬಗೆಯಾಗುವುದು ಸಿದ್ಧವಾಯಿತು. ತೂಕವಿಲ್ಲದೆ ಇದು ಸಾಧ್ಯವಿಲ್ಲ. ಆ ತೂಕ ಎಷ್ಟು? ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆಯೆಂದು 2025ರಲ್ಲಿ ಜರ್ಮನಿಯ ಪ್ರಯೋಗವೊಂದು ಹೇಳಿತು. ಅದಕ್ಕಿಂತ ಹೆಚ್ಚು ತಿಳಿಯದು. ಇಟಲಿಯ ಮಯೊರಾನ ಎಂಬುವರು 1937ರಲ್ಲಿ ಸೂಚಿಸಿದಂತೆ, ಈ ಕಣವು ತನಗೆ ತಾನೇ ಪ್ರತಿಕಣವೋ ಅಲ್ಲವೋ ಎಂಬುದೂ ತೀರ್ಮಾನವಾಗಿಲ್ಲ. ಹೌದೆಂದಾದರೆ, ಸೃಷ್ಟಿಯ ಆದಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸಮನಾಗಿ ಹುಟ್ಟಿ ಒಂದನ್ನೊಂದು ನುಂಗಿಹಾಕದೆ, ಮಣ್ಣು, ನೀರು, ನಾವು ನೀವು ಉಳಿದುದು ಹೇಗೆಂಬ ಪ್ರಶ್ನೆಗೆ ಒಂದು ದಾರಿ ಕಂಡೀತು.

ಇನ್ನು ಅದೃಶ್ಯ ದ್ರವ್ಯ. 1933ರಲ್ಲಿ ತ್ಸ್ವಿಕಿ ಎಂಬ ಖಗೋಳಜ್ಞರು, ಒಂದು ನಕ್ಷತ್ರಲೋಕಗಳ ಗುಂಪಿನಲ್ಲಿ ಕಾಣುವ ದ್ರವ್ಯದ ಆಕರ್ಷಣೆಯು ಆ ಲೋಕಗಳ ವೇಗವನ್ನು ಹಿಡಿದಿಡಲು ಸಾಲದೆಂದು ಕಂಡು, ಕಾಣದ ದ್ರವ್ಯವನ್ನು ಊಹಿಸಿದರು. ಇದೂ ದೇವದತ್ತನ ನ್ಯಾಯವೇ. ಆದರೆ ಅರ್ಥಾಪತ್ತಿಯು ಒಮ್ಮೊಮ್ಮೆ ಕೈಕೊಡುವುದೂ ಉಂಟು. ಯುರೇನಸ್ ಗ್ರಹದ ನಡೆಯಲ್ಲಿ ಕಂಡ ತಪ್ಪಿನಿಂದ ಫ್ರಾನ್ಸಿನ ಲೆವೆರಿಯೆ ಕಾಣದ ಗ್ರಹವನ್ನು ಊಹಿಸಿದಾಗ 1846ರಲ್ಲಿ ನೆಪ್ಚೂನ್ ಸಿಕ್ಕಿತು. ಅದೇ ಮಹಾಶಯರು 1859ರಲ್ಲಿ ಬುಧನ ನಡೆಯ ತಪ್ಪಿಗೆ ಇನ್ನೊಂದು ಗ್ರಹವನ್ನು ಊಹಿಸಿದಾಗ ಏನೂ ಸಿಕ್ಕಲಿಲ್ಲ. ಅಲ್ಲಿ ತಪ್ಪಿದ್ದುದು ಗುರುತ್ವಾಕರ್ಷಣೆಯ ನಿಯಮವೇ. ಅದನ್ನು 1915ರಲ್ಲಿ ತಿದ್ದಿದವರು ಐನ್‌ಸ್ಟೈನರು. ಅದೃಶ್ಯ ದ್ರವ್ಯವು ನೆಪ್ಚೂನಿನ ಸಾಲಿಗೆ ಸೇರುವುದೋ, ಸಿಕ್ಕದ ಗ್ರಹದ ಸಾಲಿಗೆ ಸೇರುವುದೋ? ಹೆಚ್ಚಿನ ವಿದ್ವಾಂಸರು ಮೊದಲನೆಯದೆನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಬಗೆಯ ಅಳತೆಗಳು ಒಂದೇ ಮೊತ್ತವನ್ನು ತೋರಿಸುತ್ತಿರುವುದರಿಂದ ಅವರ ಪಕ್ಷವೇ ಬಲವಾದುದೆಂದು ನಮಗೂ ತೋರುತ್ತದೆ. ಆದರೆ ಪೌಲಿಯವರ ಕಣಕ್ಕೆ ಇಪ್ಪತ್ತೈದು ವರ್ಷಗಳಲ್ಲಿ ಸಾಕ್ಷಿ ದೊರೆಯಿತು. ಇದಕ್ಕೆ ತೊಂಬತ್ತು ಕಳೆದರೂ ದೊರೆತಿಲ್ಲ.

ಈ ಶೋಧದಲ್ಲಿ ನಮ್ಮ ನಾಡಿಗೂ ಒಂದು ಪಾಲಿದ್ದಿತೆಂಬುದನ್ನು ಎಳೆಯರು ತಿಳಿದಿರಲಾರರು. 1930ರ ದಶಕದಲ್ಲಿ ಜೂರಿಕ್ಕಿಗೆ ಹೋಗಿ ಪೌಲಿಯವರ ಬಳಿ ಕೆಲಸ ಮಾಡಿದ ಹೋಮಿ ಭಾಭಾ ಅವರು, 1939ರಿಂದ ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದುಕೊಂಡು, 1945ರಲ್ಲಿ ಟಾಟಾ ಮೂಲಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳಕ್ಕಿಳಿದು, ಜಪಾನ್ ಮತ್ತು ಇಂಗ್ಲೆಂಡುಗಳ ವಿದ್ವಾಂಸರೊಡಗೂಡಿ, ಆಕಾಶದ ಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋವನ್ನು 1965ರಲ್ಲಿ ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ರೈನ್ಸರ ತಂಡವೂ ಕಂಡಿತು. ಲೋಕದಲ್ಲಿ ಅದಕ್ಕೆ ಹಿಂದೆ ಯಾರೂ ಕಂಡಿರಲಿಲ್ಲ. ಎಂ.ಜಿ.ಕೆ. ಮೆನನ್ ಅವರೂ, ಕನ್ನಡನಾಡಿನವರೇ ಆದ ಬಿ.ವಿ. ಶ್ರೀಕಂಠನ್ ಅವರೂ ಆ ಕಾರ್ಯದ ಮುಂದಾಳುಗಳು. ಗಣಿಯು 2001ರಲ್ಲಿ ಮುಚ್ಚಿತು; ಆಳದ ಸುರಂಗಗಳಲ್ಲಿ ನೀರು ತುಂಬಿತು. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ಹೊಸ ಪ್ರಯೋಗಶಾಲೆಯನ್ನು ಕೊರೆಯಲು ಕೇಂದ್ರ ಸರಕಾರವು 2015ರಲ್ಲಿ ಒಪ್ಪಿಗೆಯಿತ್ತಿತಾದರೂ, ಸ್ಥಳೀಯ ಜನರ ಭೀತಿಯನ್ನು ಮೊದಲೇ ಹೋಗಲಾಡಿಸದಿದ್ದುದರಿಂದ ಅದು ಆಕ್ಷೇಪಣೆ ಮತ್ತು ವ್ಯಾಜ್ಯಗಳಲ್ಲಿ ಸಿಕ್ಕಿಬಿದ್ದಿತು. ಅಲ್ಲಿ ಅಳೆಯಬೇಕೆಂದಿದ್ದುದು ಮೂರು ಬಗೆಯ ನ್ಯೂಟ್ರಿನೋಗಳಲ್ಲಿ ಯಾವುದು ಹೆಚ್ಚು ತೂಕದ್ದೆಂಬುದನ್ನು. ಚೀನಾದೇಶದವರು ಅದೇ ಪ್ರಶ್ನೆಯನ್ನು ಹಿಡಿದು, ನೆಲದಡಿಯ ಗೋಳವೊಂದರಲ್ಲಿ 20,000 ಟನ್ ದ್ರವವನ್ನು ತುಂಬಿ, 2025ರ ಆಗಸ್ಟಿನಿಂದ ಎಣಿಕೆಯನ್ನು ಆರಂಭಿಸಿದ್ದಾರೆ.